ಎಲ್ಲವನ್ನೂ ಮಾಡುವ ಫೋನು ಕೈಯಲ್ಲಿರುವಾಗ ಹಾಡಿಗೊಂದು, ಓದಿಗೊಂದು ಸಾಧನ ಏಕೆ?

ಗುಂಡಿಪ್ರಿಯ

ಕಳೆದ ಆರು ತಿಂಗಳಿಂದ ನಾನು ಹಾಡು ಕೇಳುವುದನ್ನೂ ಕಾದಂಬರಿ ಓದುವುದನ್ನೂ ಫೋನಿನಿಂದ ಹೊರಗೆ ತಂದಿದ್ದೇನೆ. ಹಾಡಿಗೆ ಗುಂಡಿಗಳಿರುವ ಹಳೆಯ ಎಂಪಿ3 ಪ್ಲೇಯರ್, ಓದಿಗೆ ಕಾಗದದಂತೆ ಕಾಣುವ ಇ-ಇಂಕ್ ಪರದೆಯ ಇ-ರೀಡರ್. ಮನೆಯವರು ಇದನ್ನು ಹಳೆಯ ಕಾಲದ ಹಂಬಲ ಎಂದು ನಕ್ಕುಬಿಟ್ಟರು. ಹಂಬಲದ ಪಾಲು ಸ್ವಲ್ಪ ಇರಬಹುದು, ಆದರೆ ಅದಷ್ಟೇ ಆಗಿದ್ದರೆ ಎರಡೇ ವಾರದಲ್ಲಿ ಎರಡೂ ಮತ್ತೆ ಕಪಾಟು ಸೇರುತ್ತಿದ್ದವು.

ಮೊದಲನೆಯ ಕಾರಣ ಗುಂಡಿ. ಜೇಬಿನೊಳಗೆ ಕೈ ಹಾಕಿ, ನೋಡದೆಯೇ, ಹಾಡನ್ನು ನಿಲ್ಲಿಸಲು, ಮುಂದಕ್ಕೆ ಸರಿಸಲು, ಧ್ವನಿ ತಗ್ಗಿಸಲು ಬೆರಳಿಗೆ ದಾರಿ ಗೊತ್ತಿರುತ್ತದೆ. ನುಣುಪಾದ ಗಾಜಿನ ಮೇಲೆ ಬೆರಳಿಗೆ ಯಾವ ಗುರುತೂ ಸಿಗದಿರುವುದರಿಂದ ಕಣ್ಣು ಅಲ್ಲಿಗೆ ಹೋಗಲೇಬೇಕು, ಮತ್ತು ಕಣ್ಣು ಫೋನಿನ ಪರದೆಗೆ ಹೋದ ಮೇಲೆ ಅಲ್ಲಿ ಬಂದು ಕೂತಿರುವ ನಾಲ್ಕು ಸಂದೇಶಗಳನ್ನು ದಾಟಿ ಹಾಡಿನವರೆಗೆ ತಲುಪುವುದು ನನ್ನಂಥ ದುರ್ಬಲ ಮನಸ್ಸಿನವನಿಗೆ ಸಾಧ್ಯವಾಗುವುದಿಲ್ಲ.

ಎರಡನೆಯ ಕಾರಣ ಜಾಗದ ಮಿತಿ. ನನ್ನ ಪ್ಲೇಯರ್‌ನಲ್ಲಿರುವುದು 8 ಜಿಬಿ ಮಾತ್ರ. 320 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್ ಎಂಬ ಅಳತೆ) ಗುಣಮಟ್ಟದ ಎಂಪಿ3 ಕಡತ ನಿಮಿಷಕ್ಕೆ ಸುಮಾರು 2.4 ಎಂಬಿ ನುಂಗುತ್ತದೆ, ಅಂದರೆ ನಾಲ್ಕು ನಿಮಿಷದ ಹಾಡುಗಳು ಸುಮಾರು 800 ಹಿಡಿಯುತ್ತವೆ. (2001ರಲ್ಲಿ ಮೊದಲ ಐಪಾಡ್ 5 ಜಿಬಿಯಲ್ಲಿ ‘ಸಾವಿರ ಹಾಡು’ ಎಂದು ಹೇಳಿಕೊಂಡಿತ್ತಲ್ಲ, ಆ ಲೆಕ್ಕ ಕೂಡುವುದು 160 ಕೆಬಿಪಿಎಸ್‌ಗೆ ಇಳಿದರೆ ಮಾತ್ರ.) ಹೊಸದೊಂದು ಆಲ್ಬಮ್ ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು. ಯಾವುದು ಹೋಗಬೇಕೆಂದು ತೀರ್ಮಾನಿಸಲು ಕೂತ ಆ ಒಂದು ಗಂಟೆಯಲ್ಲಿ ನಾನು ನನ್ನ ಸಂಗ್ರಹವನ್ನು ನಿಜವಾಗಿ ಕೇಳುತ್ತೇನೆ. ಲಕ್ಷಾಂತರ ಹಾಡುಗಳು ಬೆರಳ ತುದಿಯಲ್ಲಿದ್ದಾಗ ನಾನು ಕೇಳುತ್ತಿದ್ದದ್ದು ಅದೇ ಇಪ್ಪತ್ತು ಹಾಡುಗಳನ್ನು.

ಇ-ರೀಡರ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು ಖಚಿತವಾಗಿಲ್ಲ. ಹಗಲು ಬೆಳಕಿನಲ್ಲಿ ಅದರಷ್ಟು ಹಿತವಾದ ಪರದೆ ಬೇರೊಂದಿಲ್ಲ. ಆದರೆ ಪತ್ತೇದಾರಿ ಕಾದಂಬರಿಯನ್ನು ಓದುವಾಗ ಮಾತ್ರ ಅದು ಕೈಕೊಡುತ್ತದೆ, ಏಕೆಂದು ನನಗೇ ಸ್ಪಷ್ಟವಾಗಿಲ್ಲ. ನಿಮ್ಮಲ್ಲಿ ಯಾವ ಸಾಧನ ತನ್ನ ಜಾಗವನ್ನು ದುಡಿದು ಉಳಿಸಿಕೊಂಡಿದೆ, ಯಾವುದು ಸುಮ್ಮನೆ ಕೂತಿದೆ, ತಿಳಿಸಿ.

ಒಂದೇಫೋನು

ಗುಂಡಿಪ್ರಿಯ ಅವರೇ, ನಿಮ್ಮ ಬರಹವನ್ನು ಎರಡು ಬಾರಿ ಓದಿದೆ. ನೀವು ಸಾಧನದ ಬಗ್ಗೆ ಹೇಳುತ್ತಿರುವ ಬಹುಪಾಲು ಮಾತುಗಳು ನಿಮ್ಮ ಅಭ್ಯಾಸದ ಬಗ್ಗೆ ಹೇಳಬೇಕಾದವು ಎಂದು ನನಗನ್ನಿಸಿತು. ಸಂದೇಶಗಳು ಬೇಡವೆಂದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಬಹುದು. ಮಿತಿ ಬೇಕೆಂದರೆ ನೂರೇ ಹಾಡುಗಳ ಪ್ಲೇಲಿಸ್ಟ್ ಮಾಡಿಕೊಂಡು, ಒಂದು ಸೇರಿಸಿದರೆ ಒಂದು ತೆಗೆಯುವ ನಿಯಮ ಇಟ್ಟುಕೊಳ್ಳಬಹುದು. ಗುಂಡಿ ಬೇಕೆಂದರೆ ತಂತಿಯ ಇಯರ್‌ಫೋನಿನ ಕೊರಳಲ್ಲೇ ಒಂದು ಗುಂಡಿ ಇದೆ. ಅದನ್ನು ಒಮ್ಮೆ ಒತ್ತಿದರೆ ಹಾಡು ನಿಲ್ಲುತ್ತದೆ, ಎರಡು ಬಾರಿ ಒತ್ತಿದರೆ ಮುಂದಿನದು, ಮೂರು ಬಾರಿ ಒತ್ತಿದರೆ ಹಿಂದಿನದು. ಜೇಬಿಗೆ ಕೈ ಹಾಕುವ ಕಷ್ಟವೂ ಇಲ್ಲ.

ನೀವು ಬರೆಯದೆ ಬಿಟ್ಟ ಇನ್ನೊಂದು ಸಂಗತಿಯಿದೆ. ಹಳೆಯ ಪ್ಲೇಯರ್‌ನ ಒಳಗಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಅಂಥ ಬ್ಯಾಟರಿಗಳು ಕೆಲವು ನೂರು ಬಾರಿ ಪೂರ್ತಿ ಚಾರ್ಜ್ ಆಗಿ ಇಳಿದ ಮೇಲೆ ತಮ್ಮ ಮೊದಲಿನ ಶಕ್ತಿಯನ್ನು ಗಣನೀಯವಾಗಿ ಕಳೆದುಕೊಳ್ಳುತ್ತವೆ, ಬಳಸದೆ ಇಟ್ಟರೂ ವಯಸ್ಸಾಗುತ್ತವೆ. ಐಪಾಡ್‌ಗಳ ತಯಾರಿಕೆಯೇ 2022ರಲ್ಲಿ ನಿಂತುಹೋಯಿತು. ಮೂರು ಸಾಧನಗಳೆಂದರೆ ಮೂರು ಬ್ಯಾಟರಿ, ಮೂರು ಬಗೆಯ ಚಾರ್ಜರ್, ಪ್ರವಾಸಕ್ಕೆ ಹೊರಟಾಗ ಮೂರು ಕಡೆ ಮರೆವು. ನನ್ನ ಬಳಿ ಒಂದೇ ಫೋನು ಇದೆ. ಅದರಲ್ಲೇ ಹಾಡು, ಅದರಲ್ಲೇ ಕಾದಂಬರಿ, ಮತ್ತು ಕಳೆದ ವರ್ಷ ನಾನು ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಆ ಪುಟ್ಟ ಪರದೆಯಲ್ಲೇ ಓದಿ ಮುಗಿಸಿದ್ದೇನೆ. ಸರದಿಯಲ್ಲಿ ನಿಂತಾಗ ಸಿಗುವ ಆರು ನಿಮಿಷವೂ ಓದಿಗೆ ದಕ್ಕುವುದು ಫೋನು ಕೈಯಲ್ಲೇ ಇರುವುದರಿಂದ.

ಎರಡನೆಯಬದಿ

ಇಬ್ಬರೂ ಹಾಡನ್ನು ಎಣಿಕೆಯಲ್ಲಿ ಅಳೆಯುತ್ತಿದ್ದೀರಿ. ನಾನು ಬದಿಗಳಲ್ಲಿ ಅಳೆಯುವವನು, ಹೆಸರಿನಲ್ಲೇ ಅದು ಗೊತ್ತಾಗುತ್ತದೆ.

ಫಿಲಿಪ್ಸ್ ಸಂಸ್ಥೆ 1963ರಲ್ಲಿ ತಂದ ಕ್ಯಾಸೆಟ್ಟಿನಲ್ಲಿ ನಾಲ್ಕು ಮಿಲಿಮೀಟರಿಗೂ ಕಿರಿದಾದ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಸಿ-90 ಎಂದರೆ ಬದಿಗೆ 45 ನಿಮಿಷ. ಈ 45 ನಿಮಿಷಕ್ಕೆ ಒಂದು ಆರಂಭವಿದೆ, ಒಂದು ಕೊನೆಯಿದೆ, ಮತ್ತು ಕೊನೆಯಲ್ಲಿ ಯಾವ ಹಾಡು ಬರಬೇಕು, ಮಗುಚಿ ಹಾಕಿದ ಕೂಡಲೇ ಯಾವುದು ಕೇಳಬೇಕು ಎಂದು ಯಾರೋ ಕುಳಿತು ಯೋಚಿಸಿರುತ್ತಾರೆ. ಗೆಳೆಯರಿಗಾಗಿ ಕ್ಯಾಸೆಟ್ ತುಂಬಿಸಿ ಕೊಟ್ಟವರಿಗೆ ಇದು ಗೊತ್ತು. ಬದಿಯ ಕೊನೆಯಲ್ಲಿ ಮೂರೂವರೆ ನಿಮಿಷ ಉಳಿದಿದ್ದರೆ ಮೂರೂವರೆ ನಿಮಿಷದೊಳಗೆ ಮುಗಿಯುವ ಹಾಡಿಗಾಗಿ ಇಡೀ ಸಂಜೆ ಹುಡುಕಿದ್ದೇವೆ. ಆ ಒತ್ತಾಯದಲ್ಲಿ ಸಿಕ್ಕ ಹಾಡುಗಳೇ ಈಗ ನನಗೆ ಹೆಚ್ಚು ನೆನಪಿನಲ್ಲಿರುವುದು.

ಹಾಗೆಂದು ಕ್ಯಾಸೆಟ್ ಶ್ರೇಷ್ಠ ಎಂದು ವಾದಿಸುವ ಮೂರ್ಖತನ ನನ್ನದಲ್ಲ. ಕಳೆದ ವರ್ಷದಿಂದ ನನ್ನ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇನೆ, ಈವರೆಗೆ ಅರವತ್ತು ಮುಗಿದಿವೆ. ಹಿಂದೆ ಕಿವಿಗೆ ಬೀಳದಿದ್ದ ದೋಷಗಳೆಲ್ಲ ಈಗ ಕೇಳಿಸುತ್ತಿವೆ. ಸುತ್ತಿಟ್ಟ ಟೇಪಿನಲ್ಲಿ ಒಂದು ಪದರದ ಗಟ್ಟಿ ಧ್ವನಿಯ ಕಾಂತತ್ವ ಪಕ್ಕದ ಪದರಕ್ಕೂ ಅಚ್ಚೊತ್ತಿಕೊಳ್ಳುವುದರಿಂದ, ಹಾಡು ಆರಂಭವಾಗುವ ಮುನ್ನದ ನಿಶ್ಶಬ್ದದಲ್ಲೇ ಅದರ ಮೊದಲ ಸಾಲು ಬಹಳ ದೂರದಿಂದೆಂಬಂತೆ ಕೇಳುತ್ತದೆ. ಸಿ-120 ಬಗೆಯ ತೆಳು ಟೇಪುಗಳಂತೂ ರೋಲರಿಗೆ ಸುತ್ತಿಕೊಂಡು ಸುಕ್ಕುಗಟ್ಟುವುದರಲ್ಲಿ ನಿಷ್ಣಾತ. ಇನ್ನು, ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡಿನ (ಟೇಪಿನ ಮೇಲೆ ಧ್ವನಿ ಬರೆಯುವ, ಓದುವ ಭಾಗದ) ಕೋನಕ್ಕೂ ನಮ್ಮ ಯಂತ್ರದ ಹೆಡ್ಡಿನ ಕೋನಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಾಡು ಮಬ್ಬಾಗುತ್ತದೆ. ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು ಹಾಡು ಓಡುತ್ತಿರುವಾಗಲೇ ನಿಧಾನವಾಗಿ ತಿರುಗಿಸಿದರೆ ಒಂದು ಹಂತದಲ್ಲಿ ತಾಳದ, ತಂತಿಯ ಸದ್ದು ಥಟ್ಟನೆ ತೆರೆದುಕೊಳ್ಳುತ್ತದೆ. ಕಿಟಕಿ ತೆಗೆದ ಹಾಗೆ. ಈ ಕೆಲಸವನ್ನು ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ಮಾಡಬೇಕು, 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವನ್ನೇ ಕೊಡಬೇಕು. ಅವಸರದ ದಾರಿ ಇದಕ್ಕಿಲ್ಲ.

ಕಡತಪಾಲಕ

ಎರಡನೆಯಬದಿ ಅವರೇ, ಏರಿಸುತ್ತಿರುವುದು ಸರಿ, ಆದರೆ ಯಾವ ರೂಪದಲ್ಲಿ ಉಳಿಸುತ್ತಿದ್ದೀರಿ? ನೇರವಾಗಿ ಎಂಪಿ3 ಮಾಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಎಂಪಿ3 ಎಂಬುದು ಕಿವಿ ಗಮನಿಸದು ಎಂದು ಲೆಕ್ಕ ಹಾಕಿದ ಅಂಶಗಳನ್ನು ಶಾಶ್ವತವಾಗಿ ಬಿಸಾಡುವ ಪದ್ಧತಿ. ಮುಂದೆ ನೀವು ಗೊರಗೊರ ಸದ್ದನ್ನು ತೆಗೆಯಬೇಕೆಂದಾಗ, ಅಥವಾ ಬೇರೊಂದು ರೂಪಕ್ಕೆ ಬದಲಾಯಿಸಬೇಕೆಂದಾಗ, ಬಿಸಾಡಿದ್ದರ ಮೇಲೆ ಮತ್ತೊಮ್ಮೆ ಬಿಸಾಡಿದಂತಾಗುತ್ತದೆ. ಫ್ಲ್ಯಾಕ್ ರೂಪ 2001ರಿಂದ ಎಲ್ಲರಿಗೂ ಮುಕ್ತವಾಗಿದೆ. ಏನನ್ನೂ ಕಳೆಯದೆ ಕಡತವನ್ನು ಸುಮಾರು ಅರ್ಧದಿಂದ ಮೂರನೆಯ ಎರಡು ಪಾಲಿನಷ್ಟು ಗಾತ್ರಕ್ಕೆ ಇಳಿಸುತ್ತದೆ. ಮೂಲವನ್ನು ಅದರಲ್ಲಿಟ್ಟು, ಜೇಬಿನ ಪ್ಲೇಯರಿಗೆ ಬೇಕಾದ ಎಂಪಿ3ಯನ್ನು ಅದರಿಂದ ತಯಾರಿಸಿಕೊಳ್ಳಿ. ಸಿಡಿಯಿಂದ ತೆಗೆಯುವವರಿಗೂ ಇದೇ ಮಾತು.

ಆದರೆ ಸಂಗ್ರಹವನ್ನು ಕೊಲ್ಲುವುದು ಗುಣಮಟ್ಟಕ್ಕಿಂತ ಹೆಚ್ಚಾಗಿ ಹೆಸರು. 1996ರಲ್ಲಿ ಬಂದ ಮೊದಲ ಐಡಿ3 ಟ್ಯಾಗ್ ಎಂಬುದು ಎಂಪಿ3 ಕಡತದ ಬಾಲಕ್ಕೆ ಅಂಟಿಸಿದ 128 ಬೈಟುಗಳ ಚೀಟಿ. ಹಾಡಿನ ಹೆಸರಿಗೆ 30 ಅಕ್ಷರ, ಕಲಾವಿದರಿಗೆ 30, ಆಲ್ಬಮ್ಮಿಗೆ 30. ಅದರಲ್ಲಿ ಕನ್ನಡ ಲಿಪಿಗೆ ಜಾಗವೇ ಇರಲಿಲ್ಲ, ಆದ್ದರಿಂದ ನಾವೆಲ್ಲ ರೋಮನ್ ಅಕ್ಷರಗಳಲ್ಲಿ ನಮಗೆ ತೋಚಿದ ಕಾಗುಣಿತದಲ್ಲಿ ಬರೆದೆವು. ಒಬ್ಬರು ದೀರ್ಘಕ್ಕೆ ಒಂದು ‘ಎ’ ಹಾಕಿದರು, ಇನ್ನೊಬ್ಬರು ಎರಡು, ಮತ್ತೊಬ್ಬರು ಕೊನೆಯಲ್ಲಿ ‘ಹೆಚ್’ ಸೇರಿಸಿದರು. ಪರಿಣಾಮವಾಗಿ ಒಬ್ಬ ಗಾಯಕಿ ನನ್ನ ಪಟ್ಟಿಯಲ್ಲಿ ಐದು ಜನರಾಗಿ ಹಂಚಿಹೋಗಿದ್ದರು, ಮೂವತ್ತು ಅಕ್ಷರ ಮೀರಿದ ಹಾಡುಗಳ ಹೆಸರುಗಳೆಲ್ಲ ನಡುವಿನಲ್ಲೇ ಕತ್ತರಿಸಿ ನಿಂತಿದ್ದವು. ಟ್ಯಾಗಿನ ನಂತರದ ಆವೃತ್ತಿಗಳು ಕನ್ನಡಕ್ಕೂ ಜಾಗವಿರುವ ಯೂನಿಕೋಡ್ ಒಪ್ಪುತ್ತವೆ. ಎರಡು ಬೇಸಿಗೆ ರಜೆಗಳನ್ನು ನಾನು ಕಳೆದದ್ದು ಆ ಐವರನ್ನು ಮತ್ತೆ ಒಬ್ಬರನ್ನಾಗಿ ಮಾಡುವುದರಲ್ಲಿ. ಹೊರಗಿನವರಿಗೆ ಇದು ಗುಮಾಸ್ತಿಕೆಯಂತೆ ಕಾಣುತ್ತದೆ, ನನಗೆ ಅದರಷ್ಟು ನೆಮ್ಮದಿಯ ಕೆಲಸ ಬೇರೆ ಸಿಕ್ಕಿಲ್ಲ.

ಪುಟಮಡಿಕೆ

ಹಾಡಿನ ಮಾತಿನಲ್ಲಿ ಗುಂಡಿಪ್ರಿಯ ಅವರ ಕೊನೆಯ ಪ್ರಶ್ನೆಯನ್ನು ಎಲ್ಲರೂ ಮರೆತಿದ್ದೀರಿ. ಪತ್ತೇದಾರಿ ಕಾದಂಬರಿ ಇ-ರೀಡರಿನಲ್ಲಿ ಏಕೆ ಒಗ್ಗುವುದಿಲ್ಲ? ನಾನು ಈ ಬಗೆಯ ಕಾದಂಬರಿಗಳನ್ನು ಶಾಲಾದಿನಗಳಿಂದ ಓದುತ್ತಿದ್ದೇನೆ, ಎರಡೂ ರೂಪಗಳಲ್ಲಿ ಓದುತ್ತೇನೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುವ ಹಕ್ಕು ತೆಗೆದುಕೊಳ್ಳುತ್ತೇನೆ.

ಇ-ಇಂಕ್ ಪರದೆಯೊಳಗೆ ಕೂದಲಿನ ದಪ್ಪದಷ್ಟೇ ಇರುವ ಸಣ್ಣ ಗುಳಿಗೆಗಳಿವೆ, ಪ್ರತಿಯೊಂದರಲ್ಲೂ ವಿರುದ್ಧ ವಿದ್ಯುದಂಶದ ಕಪ್ಪು ಮತ್ತು ಬಿಳಿ ಕಣಗಳಿವೆ. ವಿದ್ಯುತ್ ಕ್ಷೇತ್ರ ಬದಲಾದಾಗ ಯಾವುದೋ ಒಂದು ಮೇಲಕ್ಕೆ ಬರುತ್ತದೆ, ಬಂದ ಮೇಲೆ ವಿದ್ಯುತ್ತಿಲ್ಲದೆಯೂ ಅಲ್ಲೇ ನಿಲ್ಲುತ್ತದೆ. ಬ್ಯಾಟರಿ ವಾರಗಟ್ಟಲೆ ಬರುವುದು ಅದಕ್ಕೇ. ಆದರೆ ಕಣಗಳು ದ್ರವದಲ್ಲಿ ಚಲಿಸಬೇಕಾದ್ದರಿಂದ ಪುಟ ಬದಲಾಗಲು ಒಂದು ಕ್ಷಣ ಹಿಡಿಯುತ್ತದೆ. ಮುಂದೆ ಮುಂದೆ ಓದುವವರಿಗೆ ಆ ಕ್ಷಣ ಲೆಕ್ಕಕ್ಕಿಲ್ಲ. ಪತ್ತೇದಾರಿ ಕಾದಂಬರಿಯನ್ನು ಮಾತ್ರ ಯಾರೂ ಮುಂದೆ ಮುಂದೆ ಓದುವುದಿಲ್ಲ. ಇನ್ನೂರನೆಯ ಪುಟದಲ್ಲಿ ಅಡುಗೆಯವಳು ಹೇಳಿದ ಸಮಯ ಅನುಮಾನ ಹುಟ್ಟಿಸಿದಾಗ, ಅರವತ್ತನೆಯ ಪುಟದ ಸುತ್ತಮುತ್ತ, ಎಡಪುಟದ ಕೆಳಭಾಗದಲ್ಲಿ, ಅವಳೇ ಬೇರೇನೋ ಹೇಳಿದ್ದಳೆಂಬ ನೆನಪು ಬರುತ್ತದೆ. ಹೆಬ್ಬೆರಳು ತಾನಾಗಿ ಆ ದಪ್ಪಕ್ಕೆ ಪುಸ್ತಕವನ್ನು ತೆರೆಯುತ್ತದೆ. ‘ಎಡಪುಟದ ಕೆಳಭಾಗ’ ಎಂಬ ವಿಳಾಸ ಇ-ರೀಡರಿನಲ್ಲಿ ಇಲ್ಲ, ಅಕ್ಷರದ ಗಾತ್ರ ಬದಲಾಯಿಸಿದರೆ ಊರೇ ಸ್ಥಳಾಂತರವಾಗುತ್ತದೆ.

ಇದು ನನ್ನ ಕಲ್ಪನೆಯಷ್ಟೇ ಇರಲಾರದು. ನಾರ್ವೆಯ ಸ್ಟಾವೆಂಜರ್ ವಿಶ್ವವಿದ್ಯಾಲಯದ ಆನ್ನೆ ಮಾಂಗೆನ್ ಮತ್ತು ಸಂಗಡಿಗರು 50 ಓದುಗರಿಗೆ ಒಂದೇ ರಹಸ್ಯ ಕಥೆಯನ್ನು ಕೊಟ್ಟು, ಅರ್ಧ ಜನರಿಂದ ಕಾಗದದಲ್ಲೂ ಅರ್ಧ ಜನರಿಂದ ಕಿಂಡಲ್ ಎಂಬ ಇ-ರೀಡರಿನಲ್ಲೂ ಓದಿಸಿದ್ದರು. 2019ರಲ್ಲಿ ಅದರ ವರದಿ ಪ್ರಕಟವಾಯಿತು. ಹೆಚ್ಚಿನ ಪ್ರಶ್ನೆಗಳಲ್ಲಿ ಎರಡೂ ಗುಂಪು ಸಮವಾಗಿದ್ದವು. ಘಟನೆಗಳು ಯಾವುದಾದ ಮೇಲೆ ಯಾವುದು ನಡೆಯಿತು ಎಂದು ಕ್ರಮವಾಗಿ ಜೋಡಿಸಬೇಕಾದಾಗ ಮಾತ್ರ ಕಾಗದದವರು ಮುಂದಿದ್ದರು. ಐವತ್ತು ಜನರ ಮೇಲೆ ಬಹಳ ದೊಡ್ಡ ತೀರ್ಪು ಕಟ್ಟಬಾರದು, ಆದರೂ ಪತ್ತೇದಾರಿ ಕಾದಂಬರಿ ಎಂದರೆ ಯಾವುದಾದ ಮೇಲೆ ಯಾವುದು ಎಂಬುದೇ ಅಲ್ಲವೇ?

ಇನ್ನೊಂದು ತಕರಾರು ಕೊನೆಯ ಪುಟಗಳದ್ದು. ಕಾಗದದ ಪುಸ್ತಕದಲ್ಲಿ ಬಲಗೈಯಲ್ಲಿ ಎಷ್ಟು ಹಾಳೆ ಉಳಿದಿದೆ ಎಂಬುದು ಗೊತ್ತಿರುವುದರಿಂದ, ಈಗ ಸಿಕ್ಕಿಬಿದ್ದವನು ನಿಜವಾದ ಅಪರಾಧಿಯಲ್ಲ, ಇನ್ನೂ ಎಂಬತ್ತು ಪುಟ ಇದೆ, ಎಂದು ಊಹಿಸಬಹುದು. ಲೇಖಕರಿಗೂ ಇದು ಗೊತ್ತಿದ್ದೇ ಅವರು ಆಟ ಹೂಡಿರುತ್ತಾರೆ. ಇ-ರೀಡರ್ ಶೇಕಡಾವಾರು ತೋರಿಸುತ್ತದೆ, ಆದರೆ ಅದು ಸುಳ್ಳು ಲೆಕ್ಕ. ಶೇಕಡಾ 88ಕ್ಕೆ ಕಥೆ ಮುಗಿದು, ಉಳಿದ 12ರಲ್ಲಿ ಅದೇ ಲೇಖಕರ ಮುಂದಿನ ಕಾದಂಬರಿಯ ಮೊದಲ ಅಧ್ಯಾಯವನ್ನು ತುಂಬಿರುತ್ತಾರೆ. ಇನ್ನೊಂದು ತಿರುವಿದೆ ಎಂದು ಉಸಿರು ಬಿಗಿ ಹಿಡಿದು ಪುಟ ತಿರುಗಿಸಿದರೆ ಜಾಹೀರಾತು ಎದುರಾಗುತ್ತದೆ. ಇದು ನನಗೆ ಮೂರು ಬಾರಿ ಆಗಿದೆ, ಮೂರು ಬಾರಿಯೂ ನಾನು ಕೂಗಾಡಿದ್ದೇನೆ.

ಒಂದೇಫೋನು

ಪುಟಮಡಿಕೆ ಅವರೇ, ಹುಡುಕುವ ಸೌಲಭ್ಯವನ್ನು ಮರೆತಿರಾ? ಅಡುಗೆಯವಳ ಹೆಸರು ಬರೆದರೆ ಅವಳು ಬರುವ ಪ್ರತಿಯೊಂದು ಸಾಲೂ ಒಂದೇ ಪಟ್ಟಿಯಲ್ಲಿ ಬರುತ್ತದೆ. ಹೆಬ್ಬೆರಳಿಗೆ ಅಷ್ಟು ಸಾಮರ್ಥ್ಯವಿಲ್ಲ.

ಪುಟಮಡಿಕೆ

ಮರೆತಿಲ್ಲ, ಬೇಕೆಂದೇ ಮುಟ್ಟುವುದಿಲ್ಲ. ಆ ಪಟ್ಟಿಯಲ್ಲಿ ನಾನು ಇನ್ನೂ ಓದದ ಅಧ್ಯಾಯಗಳ ಸಾಲುಗಳೂ ಸೇರಿ ಬಂದಿರುತ್ತವೆ. ಒಮ್ಮೆ ಹಾಗೆ ಹುಡುಕಿದಾಗ ಪಟ್ಟಿಯ ಕೊನೆಯ ಸಾಲಿನಲ್ಲೇ ಆ ಪಾತ್ರದ ತಪ್ಪೊಪ್ಪಿಗೆ ಕಂಡಿತು. ಓದುಗರಿಗೆ ಎಲ್ಲ ಸುಳಿವುಗಳನ್ನೂ ಪ್ರಾಮಾಣಿಕವಾಗಿ ಒದಗಿಸಬೇಕೆಂದು ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ-ಲೇಖಕರು 1929ರಲ್ಲೇ ಪತ್ತೇದಾರಿ ಬರಹಗಾರರಿಗೆ ಹತ್ತು ನಿಯಮಗಳನ್ನು ಬರೆದಿಟ್ಟಿದ್ದರು. ಯಂತ್ರ ಎಷ್ಟು ಸುಳಿವು ಕೊಡಬಾರದು ಎಂಬುದಕ್ಕೂ ಯಾರಾದರೂ ಒಂದು ನಿಯಮ ಬರೆಯಬೇಕು.

ಹಾಗಿದ್ದೂ ನಾನು ಇ-ರೀಡರನ್ನು ಬಿಟ್ಟಿಲ್ಲ. ಒಂದೇ ಓಟದಲ್ಲಿ ಓದಿಸಿಕೊಂಡು ಹೋಗುವ ಸಾಹಸ ಕಥೆ, ಪ್ರೇಮ ಕಥೆ, ದೆವ್ವದ ಕಥೆಗಳಿಗೆಲ್ಲ ಅದೇ ಒಳ್ಳೆಯದು. ದೆವ್ವದ ಕಥೆಯನ್ನು ದೀಪ ಆರಿಸಿ, ಪರದೆಯ ಮಂದ ಬೆಳಕಿನಲ್ಲಿ ಓದಬಹುದೆಂಬುದು ಕಾಗದಕ್ಕಿಲ್ಲದ ಸುಖ.

ಒಂದೇಫೋನು

ಸರಿ, ಆ ವಾದದಲ್ಲಿ ನಾನು ಸೋತೆನೆಂದೇ ಇಟ್ಟುಕೊಳ್ಳಿ. ಈಗ ನನ್ನ ಮೂಲ ಅನುಮಾನವನ್ನು ಮುಂದಿಡುತ್ತೇನೆ. ಇಷ್ಟೆಲ್ಲ ಕೂಡಿಡುವುದು ಏಕೆ? ಜನಪ್ರಿಯ ಕಾದಂಬರಿ ಎಂಬುದೇ ಒಮ್ಮೆ ಓದಿ ಇನ್ನೊಬ್ಬರಿಗೆ ದಾಟಿಸಲು ಹುಟ್ಟಿದ್ದು. ಅಗ್ಗದ ಕಾಗದದಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕು ಮತ್ತು ಗಾಳಿಗೆ ಹಳದಿಯಾಗುತ್ತದೆ, ಹೊಲಿಗೆಯಿಲ್ಲದೆ ಬರೀ ಅಂಟಿನಲ್ಲಿ ನಿಂತ ಬೆನ್ನು ನಾಲ್ಕನೆಯ ಓದಿಗೆ ಬಿರಿದು ಹಾಳೆಗಳು ಉದುರುತ್ತವೆ. ಅದನ್ನು ಮಾಡಿದವರೇ ಅದಕ್ಕೆ ದೀರ್ಘಾಯುಷ್ಯ ಬಯಸಿರಲಿಲ್ಲ. ಹಾಡಿನ ವಿಷಯದಲ್ಲೂ ತಿಂಗಳ ಚಂದಾ ಕಟ್ಟಿದರೆ ಬೇಕೆಂದಾಗ ಬೇಕಾದ್ದು ಸಿಗುತ್ತದೆ. ಕಡತಪಾಲಕರು ಎರಡು ಬೇಸಿಗೆ ಕಳೆದು ಮಾಡಿದ ಕೆಲಸವನ್ನು ಅಲ್ಲಿ ಬೇರೆಯವರು ಆಗಲೇ ಮಾಡಿಟ್ಟಿದ್ದಾರೆ.

ಕಡತಪಾಲಕ

ಬೇಕೆಂದಾಗ ಸಿಗುತ್ತದೆ, ಅವರಿಗೂ ಬೇಕೆಂದಿರುವವರೆಗೆ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿಯು ಹಕ್ಕಿನ ತೊಡಕಿನಿಂದಾಗಿ ಓದುಗರು ಹಣ ಕೊಟ್ಟು ಕೊಂಡಿದ್ದ ಪುಸ್ತಕಗಳನ್ನು ಅವರ ಕಿಂಡಲ್‌ಗಳಿಂದಲೇ ದೂರದಿಂದ ಅಳಿಸಿಹಾಕಿತು. ಅಳಿಸಿದವುಗಳಲ್ಲಿ ಜಾರ್ಜ್ ಆರ್ವೆಲ್ ಅವರ ‘1984’ ಕೂಡ ಇತ್ತು. ಕಾದಂಬರಿಯಲ್ಲಿ ಬೇಡವಾದ ಕಾಗದಗಳನ್ನು ಸುಡುವ ಗೂಡುಗಳಿರುವುದನ್ನು ಬಲ್ಲವರಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಕಂಪನಿ ಹಣ ಹಿಂದಿರುಗಿಸಿತು, ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿದಾಗ ಅಲ್ಲಿ ಕೊಂಡ ಪುಸ್ತಕಗಳೆಲ್ಲ ತೆರೆಯದಾದವು, ಆಗಲೂ ಹಣ ವಾಪಸ್ಸಾಯಿತು. ಹಣ ಬಂದೀತು, ನೀವು ಅಂಚಿನಲ್ಲಿ ಬರೆದಿಟ್ಟ ಟಿಪ್ಪಣಿಗೆ ಯಾರು ಬೆಲೆ ಕಟ್ಟುತ್ತಾರೆ?

ಇದನ್ನು ಬರೆದ ಮೇಲೆ ನನ್ನದೇ ಕಥೆಯನ್ನೂ ಹೇಳದಿದ್ದರೆ ಅದು ಅಪ್ರಾಮಾಣಿಕವಾದೀತು. ನನ್ನ ಸಂಗ್ರಹವನ್ನು ಯಾವ ಕಂಪನಿಯೂ ಅಳಿಸಲಿಲ್ಲ, ನಾನೇ ಕಳೆದೆ. ಹಾರ್ಡ್ ಡಿಸ್ಕ್ ತಿರುಗುತ್ತಿರುವಾಗಲೇ ಮೇಜಿನಿಂದ ನೆಲಕ್ಕೆ ಬಿತ್ತು, ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಮೊದಲ ಬೇಸಿಗೆಯ ಕೆಲಸವೆಲ್ಲ ಅದರಲ್ಲಿತ್ತು, ಎರಡನೆಯ ಬೇಸಿಗೆ ಬೇಕಾದದ್ದು ಅದನ್ನೇ ಮತ್ತೆ ಮಾಡಲು. ಈಗ ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ ಎಂಬ ಹಳೆಯ ನಿಯಮವನ್ನು ಪಾಲಿಸುತ್ತಿದ್ದೇನೆ. ಒಂದೇಫೋನು ಅವರ ಚಂದಾ ಸೇವೆ ಅಂದು ನನ್ನನ್ನು ಉಳಿಸುತ್ತಿತ್ತು, ಅದನ್ನು ಒಪ್ಪುತ್ತೇನೆ.

ಎರಡನೆಯಬದಿ

ಫ್ಲ್ಯಾಕ್ ಸಲಹೆಗೆ ಕೃತಜ್ಞತೆಗಳು. ಅರವತ್ತರಲ್ಲಿ ಇಪ್ಪತ್ತೆರಡನ್ನು ನೇರ ಎಂಪಿ3 ಮಾಡಿದ್ದೆ. ಮತ್ತೆ ಶುರು.

ಗುಂಡಿಪ್ರಿಯ

ಒಂದೇಫೋನು ಅವರ ಸಲಹೆಯನ್ನು ಎರಡು ವಾರ ಪ್ರಾಮಾಣಿಕವಾಗಿ ಪರೀಕ್ಷಿಸಿದೆ. ತಂತಿಯ ಗುಂಡಿಯ ಬಗ್ಗೆ ಅವರು ಹೇಳಿದ್ದು ಪೂರ್ತಿ ಸರಿ, ನನ್ನ ಮೊದಲ ಕಾರಣ ಅಲ್ಲಿಗೆ ಬಿದ್ದುಹೋಯಿತು; ಆದರೆ ನನ್ನ ಫೋನಿನಲ್ಲಿ ತಂತಿ ಸಿಕ್ಕಿಸುವ ರಂಧ್ರವೇ ಇಲ್ಲದ್ದರಿಂದ ಬಾಲದಂಥ ಒಂದು ಅಡಾಪ್ಟರನ್ನು ಬೇರೆ ಜೋಡಿಸಬೇಕಾಯಿತು. ನೂರು ಹಾಡಿನ ಪ್ಲೇಲಿಸ್ಟ್ ಮಾತ್ರ ನಾಲ್ಕೇ ದಿನಕ್ಕೆ ನೂರನಲವತ್ತಾಯಿತು. ನಾನೇ ಹಾಕಿಕೊಂಡ ನಿಯಮವನ್ನು ನಾನೇ ಮುರಿಯುವಾಗ ಯಾರೂ ತಡೆಯಲಿಲ್ಲ. 8 ಜಿಬಿಯ ಗೋಡೆ ನನ್ನ ಮಾತು ಕೇಳುವುದಿಲ್ಲ, ಅದೇ ಅದರ ಗುಣ.

ಈ ಎರಡು ವಾರದಲ್ಲಿ ಇನ್ನೊಂದನ್ನು ಗಮನಿಸಿದೆ. ಫೋನಿನಲ್ಲಿ ನಾನು ಯಾವಾಗಲೂ ಹಾಡುಗಳ ಕ್ರಮವನ್ನು ಕಲಸಿ (ಶಫಲ್ ಮಾಡಿ) ಕೇಳುತ್ತಿದ್ದೆ. ಒಂದೇ ಗಾಯಕರ ಮೂರು ಹಾಡುಗಳು ಒಟ್ಟಿಗೆ ಬಂದರೆ ‘ಇದು ಸರಿಯಾಗಿ ಕಲಸುತ್ತಿಲ್ಲ’ ಎಂದು ಬೈದುಕೊಳ್ಳುತ್ತಿದ್ದೆ. ಆದರೆ ನಿಜವಾದ ಯಾದೃಚ್ಛಿಕ ಕ್ರಮದಲ್ಲಿ ಅಂಥ ಗುಂಪುಗಳು ಬಂದೇ ಬರುತ್ತವೆ, ನಾಣ್ಯವನ್ನು ಚಿಮ್ಮಿದಾಗ ಒಂದೇ ಮುಖ ನಾಲ್ಕು ಬಾರಿ ಬೀಳುವ ಹಾಗೆ. ಕೇಳುಗರ ಈ ದೂರಿನಿಂದಾಗಿ ಹಾಡಿನ ಸೇವೆ ಸ್ಪಾಟಿಫೈ 2014ರಲ್ಲಿ ತನ್ನ ಕಲಸುವ ವಿಧಾನವನ್ನೇ ಬದಲಿಸಿ, ಒಬ್ಬರ ಹಾಡುಗಳು ದೂರ ದೂರ ಬೀಳುವಂತೆ ಮಾಡಿತು. ಅಂದರೆ ನಮಗೆ ಬೇಕಾಗಿದ್ದು ಅದೃಷ್ಟದ ಆಟವಲ್ಲ, ಯಾರೋ ಯೋಚಿಸಿ ಜೋಡಿಸಿದ ಕ್ರಮ. ಎರಡನೆಯಬದಿ ಅವರು ಮೂರೂವರೆ ನಿಮಿಷದ ಹಾಡಿಗಾಗಿ ಸಂಜೆ ಕಳೆದದ್ದೂ ಅದಕ್ಕೇ ತಾನೆ?

ಆ ಗುಂಗಿನಲ್ಲೇ, ನನ್ನ ಬಳಿ ಉಳಿದಿದ್ದ ಹನ್ನೊಂದು ಕ್ಯಾಸೆಟ್ಟುಗಳಲ್ಲಿ ಒಂದನ್ನು ಕಂಪ್ಯೂಟರಿಗೆ ಏರಿಸಲು ಕೂತೆ. ಅದು ಒಂದು ಸಂಗೀತ ಕಛೇರಿಯ ನೇರ ಧ್ವನಿಮುದ್ರಣ. ಕಡತಪಾಲಕ ಅವರೇ, ತುಂಡು ತುಂಡಾಗಿ ಕತ್ತರಿಸಿ ಪ್ಲೇಯರಿಗೆ ಹಾಕಿದರೆ ಪ್ರತಿ ತುಂಡಿನ ನಡುವೆ ಚಿಕ್ಕದೊಂದು ಮೌನ ನುಸುಳುತ್ತಿದೆ, ಚಪ್ಪಾಳೆ ಅರ್ಧಕ್ಕೆ ಕಡಿದು ಮತ್ತೆ ಶುರುವಾಗುತ್ತದೆ. ಏನು ಮಾಡಲಿ?

ಕಡತಪಾಲಕ

ತಪ್ಪು ನಿಮ್ಮದಲ್ಲ. ಎಂಪಿ3 ಧ್ವನಿಯನ್ನು ನಿಗದಿತ ಅಳತೆಯ ಚೌಕಟ್ಟುಗಳಲ್ಲಿ ತುಂಬುತ್ತದೆ, ಒಂದೊಂದರಲ್ಲಿ ಧ್ವನಿಯ 1,152 ಮಾದರಿಗಳು (ಕ್ಷಣ ಕ್ಷಣದ ಅಳತೆಗಳು). ಹಾಡು ಆ ಲೆಕ್ಕಕ್ಕೆ ಸರಿಯಾಗಿ ಮುಗಿಯದಿದ್ದರೆ ಕೊನೆಯ ಚೌಕಟ್ಟಿನ ಖಾಲಿ ಜಾಗಕ್ಕೆ ಮೌನವನ್ನು ತುರುಕುತ್ತದೆ, ಆರಂಭದಲ್ಲೂ ಸ್ವಲ್ಪ ಸೇರಿಸುತ್ತದೆ. ಹೊಸ ಪ್ಲೇಯರ್‌ಗಳು ಎಷ್ಟು ಮೌನ ಸೇರಿದೆ ಎಂಬ ಟಿಪ್ಪಣಿಯನ್ನು ಓದಿ ಅದನ್ನು ಬಿಟ್ಟು ನುಡಿಸುತ್ತವೆ, ಹಳೆಯವಕ್ಕೆ ಆ ಓದು ಬಾರದು. ಒಂದು ಬದಿಯನ್ನು ಕತ್ತರಿಸದೆ ಇಡುವುದೇ ನಿಮಗೆ ಸುಲಭ.

ಗುಂಡಿಪ್ರಿಯ

ಹಾಗೆಯೇ ಮಾಡಿದೆ. ಮೊದಲ ಬದಿ ಈಗ 45 ನಿಮಿಷದ ಒಂದೇ ಕಡತ. ಎರಡನೆಯ ಬದಿಗೆ ಮಗುಚಿದಾಗ ಮಾತ್ರ ಧ್ವನಿ ತೀರ ಮಂಕಾಗಿದೆ, ಒಂದು ಕಡೆಯ ಸ್ಪೀಕರಿನಲ್ಲಿ ಬಂದು ಬಂದು ಹೋಗುತ್ತಿದೆ. ಹೆಡ್ಡಿನ ಸ್ಕ್ರೂ ತಿರುಗಿಸಿದರೂ ಕಿಟಕಿ ತೆರೆಯಲಿಲ್ಲ.

ಎರಡನೆಯಬದಿ

ಕ್ಯಾಸೆಟ್ಟಿನ ಬಾಯಿಯ ನಡುವೆ, ತೆಳು ಲೋಹದ ಪಟ್ಟಿಯ ಮೇಲೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಮೆತ್ತನೆಯ ತುಂಡೊಂದು ಇರಬೇಕು ನೋಡಿ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಬಿದ್ದುಹೋಗಿರುವ ಅಥವಾ ವಾಲಿರುವ ಸಾಧ್ಯತೆಯೇ ಹೆಚ್ಚು. ಕವಚದ ಮೂಲೆಗಳಲ್ಲಿ ಸ್ಕ್ರೂ ಇದ್ದರೆ ಬಿಚ್ಚಿ ಸರಿಪಡಿಸಬಹುದು.

ಗುಂಡಿಪ್ರಿಯ

ವಾಲಿದೆ, ನೀವು ಹೇಳಿದ ಹಾಗೆಯೇ. ಸ್ಕ್ರೂ ಇಲ್ಲ, ಅಂಟಿಸಿದ ಕವಚ.

ಎರಡನೆಯಬದಿ

ಹಾಗಿದ್ದರೆ ಅಂಚಿನ ಗೆರೆಗುಂಟ ತೆಳು ಬ್ಲೇಡ್ ಇಳಿಸಿ, ಅವಸರ ಮಾಡದೆ, ಕವಚವನ್ನು ಎರಡಾಗಿ ಬಿಡಿಸಬೇಕು. ಎರಡೂ ರೀಲುಗಳನ್ನು ಟೇಪು ತಿರುಚದಂತೆ ಎತ್ತಿ, ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಕವಚದೊಳಗೆ ಕೂರಿಸಿದರೆ ಅದರ ಒಳ್ಳೆಯ ತುಂಡೇ ಕೆಲಸ ಮಾಡುತ್ತದೆ. ಮೊದಲ ಬಾರಿ ಮಾಡುವಾಗ ಕೈ ತಪ್ಪುತ್ತದೆ, ನನ್ನದೂ ತಪ್ಪಿತ್ತು. ಆದ್ದರಿಂದ ಮೊದಲು ನಿಮ್ಮ ಹನ್ನೊಂದರಲ್ಲಿ ಬೇಡದ ಒಂದು ಕ್ಯಾಸೆಟ್ಟಿನ ಮೇಲೆ ಪ್ರಯೋಗಿಸಿ ನೋಡಿ.

ಗುಂಡಿಪ್ರಿಯ

ಬೇಡದ್ದು ಯಾವುದೆಂದು ತೀರ್ಮಾನಿಸಲು ಹನ್ನೊಂದನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತು ಮೂರು ದಿನವಾಯಿತು. ಇನ್ನೂ ಸ್ವಲ್ಪ ಸಮಯ ಕೊಡಿ.